ಕುಡಿತ ಬಿಡುವವರ ಸಭೆ: ನಿಮಗೆ ಹೊಂದುವ ಗುಂಪು ಹುಡುಕುವುದು ಹೇಗೆ?

ಕುಡಿತ ಬಿಡಲೇಬೇಕು ಎಂದು ಗಟ್ಟಿ ಮನಸ್ಸು ಮಾಡಿ ಮೊದಲ ಸಭೆಗೆ ಹೋದವರಲ್ಲಿ ಹಲವರು ಎರಡನೆಯ ಸಭೆಗೆ ಹೋಗುವುದಿಲ್ಲ. ‘ಎಲ್ಲರೂ ನನಗಿಂತ ದೊಡ್ಡವರು’, ‘ದೇವರ ಮಾತೇ ಜಾಸ್ತಿ’ ಎಂಬ ಕಾರಣ ಕೊಡುತ್ತಾರೆ. ಹೊರರಾಜ್ಯಗಳಲ್ಲಿರುವ ಕನ್ನಡಿಗರಿಗೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಆದರೆ ಒಂದು ಗುಂಪು ಹೊಂದಲಿಲ್ಲ ಎಂದರೆ ಯಾವ ಗುಂಪೂ ಹೊಂದುವುದಿಲ್ಲ ಎಂದು ಅರ್ಥವಲ್ಲ.

ದೆಹಲಿಯ ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಹೀಗಿರುವಾಗ, ಬಾಗಿಲವರೆಗೆ ಬಂದವರು ಹಿಂದಿರುಗಿ ಹೋಗದಂತೆ ನೋಡಿಕೊಳ್ಳುವುದು ಮುಖ್ಯ.

ಏನಿದು ಎಎ?

ಇಂತಹ ಸಭೆಗಳಲ್ಲಿ ಹೆಚ್ಚು ಪರಿಚಿತವಾದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್ ಇದನ್ನು ಆರಂಭಿಸಿದರು. ಇಬ್ಬರೂ ಕುಡಿತದಿಂದ ನರಳಿದವರೇ. ಭಾರತಕ್ಕೆ ಇದು 1957ರಲ್ಲಿ ದೆಹಲಿಯ ಮೂಲಕ ಬಂತು.

ಕುಡಿತ ಬಿಡುವ ಆಸೆಯೊಂದೇ ಸದಸ್ಯತ್ವಕ್ಕೆ ಅರ್ಹತೆ. ಶುಲ್ಕವಿಲ್ಲ. ಪೂರ್ತಿ ಹೆಸರು, ಉದ್ಯೋಗ ಹೇಳಬೇಕಾಗಿಲ್ಲ. ‘ಇವತ್ತು ಕೇಳಿಸಿಕೊಳ್ಳುತ್ತೇನೆ ಅಷ್ಟೆ’ ಎಂದು ಸುಮ್ಮನೆ ಕುಳಿತರೂ ಆದೀತು.

ಮೊದಲು ವೈದ್ಯರು, ಆಮೇಲೆ ಸಭೆ

ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸುವುದು ಅಪಾಯ. ಕೈನಡುಕ, ಬೆವರು, ನಿದ್ದೆಗೇಡಿನಿಂದ ಶುರುವಾಗಿ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು. ಪ್ರಾಣಕ್ಕೂ ಕುತ್ತು ಬರಬಹುದು. ಆದ್ದರಿಂದ ನಿಲ್ಲಿಸುವ ಮುನ್ನ ವೈದ್ಯರನ್ನು ಕಾಣಬೇಕು. ಸಭೆ ಚಿಕಿತ್ಸೆಗೆ ಬದಲಿಯಲ್ಲ, ಅದರ ಜೊತೆಗಿರುವ ಆಸರೆ.

ಯಾವ ಸಭೆ ಆರಿಸಬೇಕು?

ಸಭೆಗಳಲ್ಲಿ ಎರಡು ಬಗೆ. ‘ಓಪನ್’ ಸಭೆಗೆ ಮನೆಯವರು, ಸ್ನೇಹಿತರು ಸೇರಿದಂತೆ ಯಾರು ಬೇಕಾದರೂ ಬರಬಹುದು. ‘ಕ್ಲೋಸ್ಡ್’ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ಓಪನ್ ಸಭೆಯಿಂದ ಶುರುಮಾಡುವುದು ಸುಲಭ. ಕೆಲವೆಡೆ ಮಹಿಳೆಯರಿಗೇ ಪ್ರತ್ಯೇಕ ಸಭೆಗಳೂ ಇವೆ.

ಹೋಗುವ ಮುನ್ನ ಗುಂಪಿನ ಸಂಪರ್ಕ ಸಂಖ್ಯೆಗೆ ಕರೆ ಮಾಡಿ ಇಷ್ಟು ಕೇಳಿಕೊಳ್ಳಿ:

• ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ? ಕನ್ನಡ ಬಲ್ಲವರು ಇದ್ದಾರೆಯೇ?
• ಓಪನ್ ಸಭೆಯೋ, ಕ್ಲೋಸ್ಡ್ ಸಭೆಯೋ?
• ಸಮಯ, ಜಾಗ ನಿಮ್ಮ ಕೆಲಸದ ಪಾಳಿಗೆ ಹೊಂದುತ್ತದೆಯೇ?
• ಆನ್‌ಲೈನ್ ಸಭೆ ಇದೆಯೇ?

ಭಾಷೆ ಇಲ್ಲಿ ಸಣ್ಣ ವಿಷಯವಲ್ಲ. ಕಚೇರಿಯಲ್ಲಿ ಹಿಂದಿ, ಮರಾಠಿ, ತಮಿಳು ಸರಾಗವಾಗಿ ಆಡುವವರಿಗೂ, ಹೆಂಡತಿಯ ಒಡವೆ ಅಡವಿಟ್ಟು ಕುಡಿದ ಸಂಗತಿಯನ್ನು ಬಾಯಿಬಿಟ್ಟು ಹೇಳಲು ತಾಯ್ನುಡಿಯೇ ಬೇಕಾಗುತ್ತದೆ. ಬೆಂಗಳೂರಿನಲ್ಲಿ ಕನ್ನಡದಲ್ಲೇ ನಡೆಯುವ ಎಎ ಸಭೆಗಳಿವೆ. ಮುಂಬೈ, ಚೆನ್ನೈನಲ್ಲಿರುವವರು ಅಲ್ಲಿನ ಗುಂಪುಗಳನ್ನು ಸಂಪರ್ಕಿಸಿ, ಆನ್‌ಲೈನ್‌ನಲ್ಲಿ ಸೇರಲು ಸಾಧ್ಯವೇ ಎಂದು ವಿಚಾರಿಸಬಹುದು. ವಾರಕ್ಕೊಮ್ಮೆ ಕನ್ನಡದ ಸಭೆ, ಉಳಿದ ದಿನ ಹತ್ತಿರದ ಗುಂಪು ಎಂದು ಹೊಂದಿಸಿಕೊಂಡರೂ ಸರಿ. ಕಷ್ಟದ ರಾತ್ರಿಯಲ್ಲಿ ಎದ್ದು ಬರಬಲ್ಲವರು ಹತ್ತಿರದಲ್ಲಿರುವವರೇ.

‘ದೇವರನ್ನು ನಂಬದವರು ಹೋಗಬಹುದೇ?’

ಹೋಗಬಹುದು. ಎಎಯ 12 ಹಂತಗಳಲ್ಲಿ ದೇವರ ಮಾತು ಬರುವುದು ನಿಜ. ಆದರೆ ಅದು ಅವರವರು ಅರ್ಥ ಮಾಡಿಕೊಂಡಂತೆ. ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಎಂದು ಭಾವಿಸಿ ಮುಂದುವರಿದವರೂ ಇದ್ದಾರೆ.

ನಿಜಕ್ಕೂ ಉಪಯೋಗವಿದೆಯೇ?

27 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಕೊಕ್ರೇನ್ ವಿಮರ್ಶೆಯ ಪ್ರಕಾರ, ಎಎ ಮತ್ತು ಅದಕ್ಕೆ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಶೇ 42ರಷ್ಟು ಮಂದಿ ಒಂದು ವರ್ಷದ ನಂತರವೂ ಪೂರ್ತಿ ಕುಡಿತದಿಂದ ದೂರವಿದ್ದರು. ಇತರ ಚಿಕಿತ್ಸೆಗಳಲ್ಲಿ ಈ ಪ್ರಮಾಣ ಶೇ 35. ಎಲ್ಲರಿಗೂ ಫಲ ಕೊಡುವ ಮಂತ್ರವೇನಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ.

ಎಚ್ಚರ ಇರಲಿ

ಪ್ರವೇಶ ಶುಲ್ಕ ಕೇಳಿದರೆ, ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಎಂದರೆ, ಸಭೆಯಲ್ಲಿ ಹೇಳಿದ್ದು ಹೊರಗೆ ಹರಿದಾಡಿದರೆ ಆ ಗುಂಪು ಬಿಟ್ಟು ಬೇರೆಯದನ್ನು ನೋಡಿ. ಇಂಥದ್ದೇನೂ ಇಲ್ಲದೆ ಬರೀ ಮುಜುಗರವಾಗಿದ್ದರೆ ಆತುರಪಡಬೇಡಿ. ನಾಲ್ಕೈದು ಸಭೆಗಳನ್ನಾದರೂ ನೋಡಿದ ಮೇಲೆ ನಿರ್ಧರಿಸಿ. ನಡುವೆ ಮತ್ತೆ ಕುಡಿದರೂ ಬಾಗಿಲು ಮುಚ್ಚುವುದಿಲ್ಲ, ಮರುದಿನ ಮತ್ತೆ ಹೋಗಬಹುದು.

ಕುಡಿಯುವವರು ಬರಲು ಒಪ್ಪದಿದ್ದರೆ ಮನೆಯವರು ಕೈಕಟ್ಟಿ ಕೂರಬೇಕಿಲ್ಲ. ಕುಟುಂಬದವರಿಗೆ ಅಲ್-ಅನಾನ್, ಹದಿಹರೆಯದ ಮಕ್ಕಳಿಗೆ ಅಲಾಟೀನ್ ಎಂಬ ಪ್ರತ್ಯೇಕ ಗುಂಪುಗಳಿವೆ.

ಎಲ್ಲಿ ಕರೆ ಮಾಡಬೇಕು?

ವ್ಯಸನಮುಕ್ತಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಂಖ್ಯೆ 14416. ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೂ ಮಾತನಾಡಬಹುದು.