ಹಳೆಯ ಗಣಕಯಂತ್ರದಲ್ಲಿ ಹೊರ ಹಾರ್ಡ್ ಡಿಸ್ಕಿನ ತೊಡಕು: ಓಲೆಗರಿಗಳ ಚಿತ್ರರಕ್ಷಣೆಯನ್ನು ಕುರಿತು

ಓಲೆಗರಿಗಳ ಛಾಯಾಚಿತ್ರಗಳನ್ನು ತೆಗೆದು ಗಣಕಯಂತ್ರದಲ್ಲಿ ಕಾಪಿಡುವ ಕಾರ್ಯವು ನಮ್ಮ ಹಸ್ತಪ್ರತಿ ಭಂಡಾರಗಳಲ್ಲಿ ನಡೆಯುತ್ತಿರುವುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಆ ಚಿತ್ರಗಳು ಬಹುಶಃ ಅಂಗೈಯಗಲದ ಒಂದು ಪೆಟ್ಟಿಗೆಯಲ್ಲಿ, ಎಂದರೆ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿನಲ್ಲಿ, ಇರುತ್ತವೆ. ಹಳೆಯ ಗಣಕಯಂತ್ರಕ್ಕೆ ಜೋಡಿಸಿದಾಗ ಈ ಡಿಸ್ಕು ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಮರೆಯಾಗುವುದುಂಟು. ಈ ವಿಷಯದಲ್ಲಿ ಅನುಭವದಿಂದ ತಿಳಿದ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸಲಾಗಿದೆ.

ಕೆಲವು ವರ್ಷಗಳ ಹಿಂದೆ ಒಂದು ಮನೆತನದವರ ಓಲೆಕಟ್ಟುಗಳ ಚಿತ್ರಗಳನ್ನು ತೆಗೆಯಿಸಿದ್ದೆವು. ಅನಂತರದ ಮಳೆಗಾಲಗಳಲ್ಲಿ ಆ ಕಟ್ಟುಗಳಲ್ಲೊಂದಕ್ಕೆ ಹುಳು ಹಿಡಿದು ಗರಿಗಳ ಅಂಚುಗಳು ಉದುರಿಹೋದವು. ಆದುದರಿಂದ ಅಂಚಿನ ಅಕ್ಷರಗಳಿಗೆ ಈಗ ಚಿತ್ರವೊಂದೇ ಆಧಾರ. ಪಾಠಪರಿಷ್ಕರಣಕ್ಕೆಂದು ಡಿಸ್ಕನ್ನು ಜೋಡಿಸಿದಾಗ ಅದು ಐದಾರು ನಿಮಿಷ ತೆರೆದುಕೊಂಡಿದ್ದು, ಟಿಕ್ ಟಿಕ್ ಎಂಬ ಸದ್ದು ಮಾಡಿ, ಪರದೆಯಿಂದ ಮಾಯವಾಯಿತು. ಪುನಃ ಜೋಡಿಸಲು, ಫಾರ್ಮ್ಯಾಟ್ ಮಾಡಬೇಕೆ ಎಂದು ಯಂತ್ರವೇ ಕೇಳಿತು. ರಿಪೇರಿಯ ಅಂಗಡಿಯ ತರುಣನ ಸಲಹೆಯೂ ಅದೇ ಆಗಿದ್ದಿತು. ಫಾರ್ಮ್ಯಾಟ್ ಎಂದರೆ ಒಳಗಿನ ಬರಹದ ಲೆಕ್ಕವನ್ನೆಲ್ಲ ಅಳಿಸಿ ಡಿಸ್ಕನ್ನು ಹೊಸ ಬರಹಕ್ಕೆ ಅಣಿಗೊಳಿಸುವುದೆಂದು ಅಂದು ನನಗೆ ಸ್ಪಷ್ಟವಾಗಿ ತಿಳಿದಿರಲಿಲ್ಲ. ಏಕೋ ಮನಸ್ಸೊಪ್ಪದೆ ಪೆಟ್ಟಿಗೆಯನ್ನು ಹಿಂದಕ್ಕೆ ತಂದೆನು. ಅದು ವಿವೇಕವಲ್ಲ, ಅಂಜಿಕೆ.

ಇಂತಹ ತೊಡಕಿನಲ್ಲಿ ದೋಷವು ಡಿಸ್ಕಿನದೇ ಎಂದು ಮೊದಲೇ ನಿಶ್ಚಯಿಸಲಾಗದು. ೨೦೦೦ದಲ್ಲಿ ಬಳಕೆಗೆ ಬಂದ ಯು.ಎಸ್.ಬಿ. ೨.೦ ಕ್ರಮದ ಪೋರ್ಟು ನಿಯಮದಂತೆ ೫ ವೋಲ್ಟಿನಲ್ಲಿ ೫೦೦ ಮಿಲಿ ಆಂಪಿಯರ್ ವಿದ್ಯುತ್ತನ್ನು ಮಾತ್ರ ಒದಗಿಸುತ್ತದೆ. ೨೦೦೮ರಲ್ಲಿ ರೂಪುಗೊಂಡ ೩.೦ ಕ್ರಮದಲ್ಲಿ ಅದು ೯೦೦ಕ್ಕೆ ಏರಿತು. ಹೊಸ ಕ್ರಮಕ್ಕೆಂದು ಮಾಡಿದ ಡಿಸ್ಕನ್ನು ಹಳೆಯ ಯಂತ್ರಕ್ಕೆ ಜೋಡಿಸಿದರೆ, ಒಳಗಿನ ಬಿಲ್ಲೆಯು ತಿರುಗತೊಡಗುವ ಕ್ಷಣದಲ್ಲಿ ಬೇಕಾಗುವ ಹೆಚ್ಚಿನ ವಿದ್ಯುತ್ತು ದೊರೆಯದೆ ಹೋಗಬಹುದು. ಆಗ ಓದುವ ಮುಳ್ಳು ಹಿಂದೆ ಸರಿದು ಮತ್ತೆ ಮುಂದೆ ಬರುತ್ತದೆ. ಟಿಕ್ ಟಿಕ್ ಸದ್ದು ಇದರಿಂದಲೂ ಉಂಟಾಗುತ್ತದೆ, ಮುಳ್ಳೇ ಕೆಟ್ಟಿದ್ದರೂ ಉಂಟಾಗುತ್ತದೆ. ಆದಕಾರಣ ಪೆಟ್ಟಿಗೆಯ ಮುಂಭಾಗದ ಪೋರ್ಟನ್ನು ಬಿಟ್ಟು ಹಿಂಭಾಗದ್ದಕ್ಕೆ, ಗಿಡ್ಡವಾದ ಬೇರೊಂದು ಕೇಬಲಿನಿಂದ ಜೋಡಿಸಿ ನೋಡತಕ್ಕದ್ದು. ಸ್ವಂತ ಅಡಾಪ್ಟರ್ ಉಳ್ಳ ಹಬ್ ದೊರೆತರೆ ಇನ್ನೂ ಉತ್ತಮ. ನಮ್ಮ ಡಿಸ್ಕು ಹಬ್ಬಿನ ಮೂಲಕ ಜೋಡಿಸಿದೊಡನೆ ಗಂಟೆಗಟ್ಟಲೆ ನಿಂತಿತು. ಸದ್ದು ಮಾತ್ರ ಪೂರ್ತಿಯಾಗಿ ನಿಲ್ಲಲಿಲ್ಲ.

ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು, ಆದರೆ ಕೆಲವು ಪೆಟ್ಟಿಗೆಗಳು ಆ ಲೆಕ್ಕವನ್ನು ಹೊರಗೆ ಬಿಡುವುದಿಲ್ಲ. ಓದಲಾಗದೆ ಬಾಕಿಯುಳಿದ ಸೆಕ್ಟರುಗಳ ಸಂಖ್ಯೆ ದಿನದಿನಕ್ಕೆ ಏರುತ್ತಿದ್ದರೆ ಬಿಲ್ಲೆಗೇ ಕೇಡು ತಗುಲಿದೆಯೆಂದು ತಿಳಿಯಬೇಕು. ನಮ್ಮದರಲ್ಲಿ ಅದು ಏರುತ್ತಿತ್ತು. ವಿದ್ಯುತ್ತಿನ ಕೊರತೆಯೂ ಡಿಸ್ಕಿನ ಜೀರ್ಣತೆಯೂ ಕೂಡಿಕೊಂಡಿದ್ದವು.

ಈ ಸ್ಥಿತಿಯಲ್ಲಿ ಸರಿಪಡಿಸುವ ಯತ್ನ ಸಲ್ಲದು. ದೋಷವನ್ನು ತಿದ್ದಲೇ ಎಂದು ವಿಂಡೋಸ್ ಕೇಳಿದರೂ ಒಪ್ಪಬಾರದು, ಏಕೆಂದರೆ ಆ ತಿದ್ದುಪಡಿಯು ಮೂಲದ ಮೇಲೆಯೇ ಬರೆಯುತ್ತದೆ. ಹುಳು ತಿಂದ ಗರಿಯ ಮೇಲೆ ಕಂಟ ಹಿಡಿದು ಊಹಿತ ಪಾಠವನ್ನು ಕೊರೆಯುವವರನ್ನು ನಾವು ಏನೆನ್ನುತ್ತೇವೆ? ಮೊದಲು ಪ್ರತಿ ಮಾಡಿಕೊಳ್ಳಬೇಕು. ಲಿನಕ್ಸಿನಲ್ಲಿ ನಡೆಯುವ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವು ನಮ್ಮ ಲಿಪಿಕಾರರ ವಿವೇಕವನ್ನೇ ಪಾಲಿಸುತ್ತದೆ. ಸುಲಭವಾಗಿ ಓದಬರುವ ಭಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ತೊಡಕಿನ ಸ್ಥಳಗಳನ್ನು ಹಾರಿಸಿ, ಎಲ್ಲೆಲ್ಲಿ ತ್ರುಟಿತವೆಂಬುದನ್ನು ಬೇರೊಂದು ಕಡತದಲ್ಲಿ ಗುರುತಿಟ್ಟು, ಕೊನೆಯಲ್ಲಿ ಮತ್ತೆ ಅಲ್ಲಿಗೆ ಮರಳುತ್ತದೆ. ನಡುವೆ ಡಿಸ್ಕು ಮರೆಯಾದರೂ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಮೂಲವನ್ನೂ ಪ್ರತಿಯನ್ನೂ ತಿರುವುಮುರುವಾಗಿ ನಮೂದಿಸಿದರೆ ಮಾತ್ರ ಸರ್ವನಾಶ. ಆದುದರಿಂದ ಬಲ್ಲವರೊಬ್ಬರು ಪಕ್ಕದಲ್ಲಿರಬೇಕು. ಹಳೆಯ ಪೋರ್ಟಿನ ಮೂಲಕ ೧ ಟೆರಾಬೈಟಿನ ಪ್ರತಿಗೆ ಹಲವು ಗಂಟೆಗಳೇ ಹಿಡಿಯುತ್ತವೆ, ಡಿಸ್ಕು ಜೀರ್ಣವಾಗಿದ್ದರೆ ದಿನಗಳೇ ಬೇಕು. ಅಷ್ಟು ಕಾಲವೂ ಅದನ್ನು ಕದಲಿಸಬಾರದು. ಓದುವ ಮುಳ್ಳು ಬಿಲ್ಲೆಯಿಂದ ಕೂದಲೆಳೆಯ ಹತ್ತುಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರಗಳು ಕೆಲವು ಕಡೆ ಇನ್ನೂ ಉಳಿದಿವೆ. ೨ ಟೆರಾಬೈಟಿಗೆ ಮೀರಿದ ಹೊಸ ಡಿಸ್ಕನ್ನು ಅವು ಸಾಮಾನ್ಯವಾಗಿ ಓದಲಾರವು. ಡಿಸ್ಕು ಆರೋಗ್ಯವಾಗಿದ್ದರೂ ಕೆಟ್ಟಿದೆಯೆಂಬ ಭ್ರಾಂತಿಯುಂಟಾಗುತ್ತದೆ. ಅದನ್ನು ಬೇರೆ ಯಂತ್ರದಲ್ಲಿ ನೋಡದೆ ಯಾವ ಪ್ರಶ್ನೆಗೂ ಹೌದೆನ್ನಕೂಡದು.

ಪ್ರತಿಯು ಮೂಲಕ್ಕೆ ಸಮವೇ ಎಂಬುದನ್ನು ಪರೀಕ್ಷಿಸಲು ಒಂದೊಂದು ಚಿತ್ರಕ್ಕೂ ಮೊತ್ತಸಂಖ್ಯೆಯನ್ನು ತೆಗೆದಿಡುವ ಪದ್ಧತಿಯಿದೆ. ಗ್ರಂಥಾಂತ್ಯದಲ್ಲಿ ಮೂವತ್ತೆರಡು ಅಕ್ಷರಗಳ ಲೆಕ್ಕದಿಂದ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದುದನ್ನು ಇದು ನೆನಪಿಗೆ ತರುತ್ತದೆ. ಆದರೆ ಒಂದಕ್ಷರ ಬದಲಾದರೂ ಗ್ರಂಥಸಂಖ್ಯೆ ಬದಲಾಗದು, ಈ ಸಂಖ್ಯೆ ಬದಲಾಗುತ್ತದೆ. ಚಿತ್ರ ತೆಗೆದ ದಿನವೇ ಹೀಗೆ ಮಾಡಿರಲಿಲ್ಲವೆಂಬುದು ನಮ್ಮ ಲೋಪ. ಒಂದೇ ಡಿಸ್ಕನ್ನು ನಂಬಿದ್ದುದು ಅದಕ್ಕಿಂತ ದೊಡ್ಡ ಲೋಪ. ಧವಳಾದಿ ಸಿದ್ಧಾಂತಗ್ರಂಥಗಳು ಮೂಡುಬಿದಿರೆಯೊಂದರಲ್ಲಿಯೇ ಉಳಿದಿದ್ದುದನ್ನು ಬಲ್ಲ ನಮಗೆ ಏಕಪ್ರತಿಯ ಅಪಾಯವು ಹೊಸದಾಗಿರಲಿಲ್ಲ.

ಪ್ರತಿ ಮಾಡುವ ಕೆಲಸಕ್ಕೆ ಮೂರು ದಿನಗಳು ಹಿಡಿದವು. ಆ ಕಟ್ಟಿನ ಚಿತ್ರಗಳಲ್ಲಿ ನಾಲ್ಕು ಮಾತ್ರ ತೆರೆಯಲಿಲ್ಲ. ಮೂರು ಬರಹವಿಲ್ಲದ ರಕ್ಷಾಪತ್ರಗಳದು. ನಾಲ್ಕನೆಯದು ಲಿಪಿಕಾರನ ಹೆಸರೂ ಸಂವತ್ಸರವೂ ಇದ್ದ ಕೊನೆಯ ಗರಿಯದು. ಆ ಗರಿಯ ಎಡದಂಚು ಮುರಿದುಹೋಗಿ ಸಂವತ್ಸರದ ಮೊದಲಕ್ಷರವು ಈಗ ಕಾಣದು. ಉಳಿದ ಭಾಗದ ಚಿತ್ರವನ್ನು ಹೊಸದಾಗಿ ತೆಗೆಯಿಸಿ ಎರಡು ಡಿಸ್ಕುಗಳಲ್ಲಿ, ಎರಡು ಊರುಗಳಲ್ಲಿ ಇರಿಸಲಾಗಿದೆ.