ಊರು ಬೆಳೆದಂತೆ ದಾರಿ ಏಕೆ ಸುತ್ತಾಗುತ್ತದೆ?

ಪ್ರಶ್ನೆ: ಹಳೇ ಪೇಟೆಯಲ್ಲಿ ಯಾವ ಬೀದಿ ಹಿಡಿದರೂ ಬೇಕಾದಲ್ಲಿಗೆ ಹೋಗಬಹುದು. ಹೊಸ ಬಡಾವಣೆಗಳಲ್ಲಿ ಹಿಂದಿನ ಬೀದಿಯ ಮನೆಗೂ ಸುತ್ತಿಕೊಂಡು ಹೋಗಬೇಕು. ಏಕೆ ಹೀಗೆ? – ಓದುಗರೊಬ್ಬರು, ಅರಸೀಕೆರೆ

ಉತ್ತರ: ಹಳೇ ಊರು ಬೆಳೆದದ್ದು ಕಾಲ್ನಡಿಗೆಯ ಕಾಲದಲ್ಲಿ. ಬೇಲೂರನ್ನೇ ನೋಡಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚನ್ನಕೇಶವನ ಗುಡಿಯೇ ಅಲ್ಲಿ ನಡುಬಿಂದು. ತೇರು ಸಾಗಬೇಕು, ಜನ ನಡೆದೇ ಸಂತೆ, ಕೆರೆ ಸೇರಬೇಕು. ಹಾಗಾಗಿ ಬೀದಿಗೆ ಬೀದಿ ಕೂಡಿಕೊಂಡಿತು.

ವಾಹನಗಳು ಬಂದ ಮೇಲೆ ಊರು ಹೆದ್ದಾರಿಗುಂಟ ಹಬ್ಬತೊಡಗಿತು. ಒಬ್ಬರ ಹೊಲ ಒಂದು ಬಡಾವಣೆ, ಪಕ್ಕದ ತೋಟ ಇನ್ನೊಂದು. ಪ್ರತಿಯೊಂದಕ್ಕೂ ಮುಖ್ಯರಸ್ತೆಗೆ ಒಂದೇ ಬಾಯಿ. ಒಳಗಿನ ಅಡ್ಡರಸ್ತೆ ಬೇಲಿಗೆ ಬಂದು ನಿಲ್ಲುತ್ತದೆ. ನಿಮ್ಮ ಕಡೆಯ ತೆಂಗಿನ ಗರಿ ನೆನೆಯಿರಿ: ಒಂದು ಎಲೆಯ ತುದಿಯಲ್ಲಿರುವ ಇರುವೆ ಪಕ್ಕದ ಎಲೆಗೆ ಹೋಗಬೇಕಾದರೆ ನಡುವಿನ ದಿಂಡಿಗೇ ಬಂದು ಹೋಗಬೇಕು. ಬಡಾವಣೆಯ ಮನೆಯವರ ಪಾಡೂ ಅದೇ. ಎಲ್ಲರೂ ಒಂದೇ ರಸ್ತೆಗೆ ಇಳಿದಾಗ ಅಲ್ಲಿ ದಟ್ಟಣೆ. ಹತ್ತಿರದ ಅಂಗಡಿಗೂ ಬೈಕು ಬೇಕು.

ಅರಸೀಕೆರೆಯಂಥ ಜಂಕ್ಷನ್ ಊರಿಗೆ ರೈಲುಹಳಿಯ ಅಡ್ಡಿಯೂ ಸೇರುತ್ತದೆ. ಗೇಟು, ಸೇತುವೆ ಇದ್ದಲ್ಲಿ ಮಾತ್ರ ದಾಟಲು ಸಾಧ್ಯ.

ಮನೆ ಹಳತಾದರೆ ಕೆಡವಿ ಕಟ್ಟಬಹುದು. ಬೀದಿಯ ಜಾಡು ಶತಮಾನಗಟ್ಟಲೆ ಬದಲಾಗದು. ಆದ್ದರಿಂದ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಬಡಾವಣೆಯ ನಕ್ಷೆಗೆ ಅನುಮೋದನೆ ಕೊಡುವಾಗಲೇ ಅಕ್ಕಪಕ್ಕದ ರಸ್ತೆಗಳನ್ನು ಕೂಡಿಸಬೇಕು. ನಿವೇಶನ ಕೊಳ್ಳುವವರು ಬೆಲೆಯ ಜತೆಗೆ ರಸ್ತೆ ಎಲ್ಲಿ ಮುಗಿಯುತ್ತದೆಂದೂ ನೋಡಲಿ.