ಹೊಸ ಮನೆಗೆ ಸ್ವಯಂಚಾಲಿತ ವ್ಯವಸ್ಥೆ: ಗಿಲಾವಿಗೆ ಮುನ್ನವೇ ಯೋಜನೆ ಅಗತ್ಯ

ಮೊಬೈಲ್ ದೂರವಾಣಿಯಿಂದಲೇ ದೀಪ, ಪಂಖ, ನೀರಿನ ಪಂಪುಗಳನ್ನು ನಿಯಂತ್ರಿಸುವ ಸಾಧನಗಳು ಇಂದು ಮಹಾನಗರಗಳಿಗಷ್ಟೇ ಸೀಮಿತವಾಗಿಲ್ಲ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲೂಕುಗಳಲ್ಲಿ ಮನೆ ಕಟ್ಟಿಸುವ ಗ್ರಾಹಕನೂ ಅವುಗಳನ್ನು ಅಂತರಜಾಲದ ಮೂಲಕ ತರಿಸಿಕೊಳ್ಳಬಲ್ಲನು. ಆದರೆ ಸಾಧನಕ್ಕೆ ಬೇಕಾದ ತಂತಿಯೇ ಗೋಡೆಯೊಳಗೆ ಇಲ್ಲದಿದ್ದಲ್ಲಿ ಹೊಸ ಗೋಡೆಯನ್ನು ಮತ್ತೆ ಒಡೆಯಬೇಕಾಗುತ್ತದೆ. ಸಾಧನಗಳನ್ನು ಎಂದಾದರೂ ಕೊಳ್ಳಬಹುದು; ತಂತಿ ಜೋಡಣೆಯ ನಿರ್ಧಾರವನ್ನು ಮಾತ್ರ ಮುಂದೂಡಲಾಗದು.

ಗೋಡೆಯೊಳಗಿನ ಸಿದ್ಧತೆ

ಸಾಂಪ್ರದಾಯಿಕ ಜೋಡಣೆಯಲ್ಲಿ ನ್ಯೂಟ್ರಲ್ ತಂತಿಯು ಅನೇಕ ವೇಳೆ ನೇರವಾಗಿ ದೀಪಕ್ಕೆ ಹೋಗುತ್ತದೆ. ಮೆಟ್ಟಿಲು, ಸ್ನಾನಗೃಹಗಳ ಒಂಟಿ ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಅದು ಇರುವುದೇ ಇಲ್ಲ. ಬಹುಪಾಲು ಸ್ಮಾರ್ಟ್ ಸ್ವಿಚ್ಚುಗಳಿಗೆ ಅದು ಅವಶ್ಯ. ಆದ್ದರಿಂದ ಪ್ರತಿ ಪೆಟ್ಟಿಗೆಗೂ ನ್ಯೂಟ್ರಲ್ ಎಳೆಸಬೇಕು. ರಿಲೇ ಹಿಡಿಯುವಷ್ಟು ಆಳವಾದ ಪೆಟ್ಟಿಗೆಗಳನ್ನೇ ಆರಿಸಬೇಕು. ಛಾವಣಿಯ ಕಾಂಕ್ರೀಟ್ ಹಾಕುವ ಮುನ್ನ ಒಂದೆರಡು ಖಾಲಿ ಕೊಳವೆಗಳನ್ನು ಬಿಡುವುದು ಒಳಿತು. ದಪ್ಪ ಕಲ್ಲಿನ ಗೋಡೆ ಮತ್ತು ಕಾಂಕ್ರೀಟ್ ಛಾವಣಿಗಳು ವೈ-ಫೈ ಸಂಕೇತವನ್ನು ಕುಗ್ಗಿಸುವುದರಿಂದ, ಮಹಡಿಗೆ ಒಂದರಂತೆ ಜಾಲದ ಕೇಬಲ್ ಎಳೆಸಿರಬೇಕು.

ರಕ್ಷಣೆ ಮೊದಲು

ಮುಂಗಾರಿಗೆ ಮುನ್ನ ಏಪ್ರಿಲ್, ಮೇ ತಿಂಗಳುಗಳ ಗುಡುಗು-ಸಿಡಿಲಿನ ಮಳೆ ಈ ಭಾಗಕ್ಕೆ ಹೊಸದಲ್ಲ. ವಿದ್ಯುನ್ಮಾನ ಸಾಧನಗಳು ಹಠಾತ್ ವೋಲ್ಟೇಜ್ ಏರಿಕೆಯನ್ನು ತಾಳಲಾರವು. ಸಮರ್ಪಕ ಅರ್ಥಿಂಗ್, ಮುಖ್ಯ ಫಲಕದಲ್ಲಿ ಸರ್ಜ್ ನಿರೋಧಕ ಹಾಗೂ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಇವು ಅಲಂಕಾರವಲ್ಲ, ಅನಿವಾರ್ಯ.

ನೀರಿನ ಪಂಪು

ಈ ಊರುಗಳ ಮನೆಗಳಿಗೆ ಅತ್ಯಂತ ಉಪಯುಕ್ತವಾದುದು ಬಣ್ಣ ಬದಲಿಸುವ ದೀಪವಲ್ಲ. ತೊಟ್ಟಿ ತುಂಬಿದಾಗ ತಾನೇ ನಿಲ್ಲುವ, ಕೊಳವೆಬಾವಿ ಬತ್ತಿದಾಗ ಮೋಟಾರು ಸುಡದಂತೆ ಕಾಯುವ ನಿಯಂತ್ರಕ. ಮೋಟಾರು ಆರಂಭವಾಗುವಾಗ ಸಾಮಾನ್ಯಕ್ಕಿಂತ ಹಲವು ಪಟ್ಟು ವಿದ್ಯುತ್ ಪ್ರವಾಹವನ್ನು ಎಳೆಯುವುದರಿಂದ, ಅದನ್ನು ಸಣ್ಣ ಸ್ಮಾರ್ಟ್ ಪ್ಲಗ್ಗಿಗೆ ಜೋಡಿಸದೆ ಕಾಂಟ್ಯಾಕ್ಟರ್ ಮೂಲಕವೇ ನಡೆಸತಕ್ಕದ್ದು. ಹೋದ ವಿದ್ಯುತ್ ಮರಳಿದಾಗ ನೀರಿನ ಮಟ್ಟ ನೋಡದೆ ಪಂಪು ತಾನಾಗಿ ಚಾಲೂ ಆಗದಂತೆ ಹೊಂದಿಸುವುದೂ ಅಗತ್ಯ.

ಅಂತರಜಾಲ ನಿಂತರೆ?

ಕೆಲವು ಸಾಧನಗಳು ತಯಾರಕರ ದೂರದ ಸರ್ವರ್‌ಗಳನ್ನೇ ಅವಲಂಬಿಸಿವೆ. ಅಮೆರಿಕದ ಇನ್‌ಸ್ಟಿಯಾನ್ ಸಂಸ್ಥೆಯ ಸರ್ವರ್‌ಗಳು 2022ರ ಏಪ್ರಿಲ್‌ನಲ್ಲಿ ಮುನ್ಸೂಚನೆಯಿಲ್ಲದೆ ಸ್ಥಗಿತಗೊಂಡಾಗ, ಅದರ ಗ್ರಾಹಕರಿಗೆ ಮೊಬೈಲ್ ಮೂಲಕ ಮನೆಯ ನಿಯಂತ್ರಣ ತಪ್ಪಿಹೋಯಿತು. ಆದಕಾರಣ ಮನೆಯೊಳಗಿನ ಜಾಲದಲ್ಲೇ ಕೆಲಸಮಾಡುವ ಸಾಧನಗಳಿಗೆ ಆದ್ಯತೆ ನೀಡಬೇಕು. 2022ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ‘ಮ್ಯಾಟರ್’ ಎಂಬ ಮಾನಕವು ಬೇರೆ ಬೇರೆ ತಯಾರಕರ ಸಾಧನಗಳು ಹೀಗೆ ಸ್ಥಳೀಯವಾಗಿ ಕೂಡಿ ನಡೆಯಲು ನೆರವಾಗುತ್ತದೆ. ಏನೇ ಇರಲಿ, ಕೈಯಿಂದ ಒತ್ತುವ ಸ್ವಿಚ್ಚು ಇದ್ದೇ ಇರಬೇಕು. ಮನೆಯ ಹಿರಿಯರಿಗೂ, ಬಂದ ಅತಿಥಿಗೂ ಅದೇ ಆಧಾರ. ರೌಟರ್ ಮತ್ತು ಕೇಂದ್ರ ನಿಯಂತ್ರಕಗಳನ್ನು ಇನ್ವರ್ಟರ್ ಸಾಲಿಗೆ ಸೇರಿಸುವುದು ಲೇಸು.

ಉಳಿತಾಯದ ಲೆಕ್ಕ

ಸ್ಮಾರ್ಟ್ ಸ್ವಿಚ್ಚು ಸ್ವತಃ ಸದಾ ಅಲ್ಪ ವಿದ್ಯುತ್ ಬಳಸುತ್ತದೆ. ತಲಾ 1 ವ್ಯಾಟ್ ಎಂದಿಟ್ಟುಕೊಂಡರೆ 20 ಸ್ವಿಚ್ಚುಗಳಿಗೆ ತಿಂಗಳಿಗೆ 14.4 ಯೂನಿಟ್ ಬೇಕು. ಇನ್ನೊಂದೆಡೆ, 75 ವ್ಯಾಟ್ ಪಂಖದ ಬದಲು 30 ವ್ಯಾಟ್‌ನ ಬಿ.ಎಲ್.ಡಿ.ಸಿ. ಪಂಖವನ್ನು ದಿನಕ್ಕೆ 10 ಗಂಟೆ ಬಳಸಿದರೆ ತಿಂಗಳಿಗೆ 13.5 ಯೂನಿಟ್ ಉಳಿಯುತ್ತದೆ. ಅಂದರೆ ಒಂದು ಪಂಖದ ಉಳಿತಾಯವನ್ನು ಇಪ್ಪತ್ತು ಸ್ವಿಚ್ಚುಗಳು ಪೂರ್ತಿ ನುಂಗಬಲ್ಲವು. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ಮೀರಿದರೆ ಆ ತಿಂಗಳ ಪೂರ್ಣ ಬಿಲ್ಲನ್ನು ಗ್ರಾಹಕನೇ ತೆರಬೇಕಾಗಿರುವುದರಿಂದ, ಮಿತಿಯ ಅಂಚಿನಲ್ಲಿರುವ ಮನೆಗೆ ಈ ಲೆಕ್ಕ ಗೌಣವಲ್ಲ. ಎಲ್ಲ ಸ್ವಿಚ್ಚುಗಳನ್ನೂ ಬದಲಿಸದೆ ಅಗತ್ಯವಿದ್ದ ನಾಲ್ಕೈದು ಕಡೆಗಳಲ್ಲಷ್ಟೇ ಅಳವಡಿಸುವುದು ಜಾಣತನ.

ವರ್ತಕರ ಪಾತ್ರ

ಬೆಲೆಯ ಪೈಪೋಟಿಯಲ್ಲಿ ಅಂತರಜಾಲದ ಮಾರಾಟಗಾರರನ್ನು ಮಣಿಸುವುದು ತಾಲೂಕು ಕೇಂದ್ರದ ಅಂಗಡಿಗೆ ಕಠಿಣ. ಆದರೆ ತಳಪಾಯದ ಹಂತದಲ್ಲೇ ನಕ್ಷೆ ನೋಡಿ ತಂತಿ, ಪೆಟ್ಟಿಗೆ, ಕೊಳವೆಗಳ ಪಟ್ಟಿ ಮಾಡಿಕೊಡುವ ಸೇವೆಯನ್ನು ದೂರದ ಮಾರಾಟಗಾರ ಕೊಡಲಾರನು. ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರೊಂದಿಗೆ ಕೈಜೋಡಿಸಿ, ಐ.ಎಸ್.ಐ. ಗುರುತಿನ ತಂತಿಗಳನ್ನೇ ಪೂರೈಸಿ, ಜೋಡಣೆಯ ನಕ್ಷೆಯ ಪ್ರತಿಯೊಂದನ್ನು ಮನೆಯವರಿಗೆ ಒಪ್ಪಿಸುವ ವರ್ತಕನನ್ನೇ ಗ್ರಾಹಕನು ಮುಂದಿನ ದುರಸ್ತಿಗೂ ಹುಡುಕಿಕೊಂಡು ಬರುವನು.